ಬಾಲ್ಕನಿಗೆ, ಮೆಟ್ಟಿಲಿಗೆ ಲೋಹದ ಜಾಲರಿ ಹಾಕಿಸುವ ಮುನ್ನ

ಜಾಲರಿಯ ವಿನ್ಯಾಸವನ್ನು ಮೆಚ್ಚಿಕೊಳ್ಳುವುದಕ್ಕೆ ಮೊದಲು ಅದರ ಕಣ್ಣಿನ, ಅಂದರೆ ತಂತಿಗಳ ನಡುವಿನ ತೆರಪಿನ, ಅಳತೆಯನ್ನು ನಿರ್ಧರಿಸಬೇಕು. ಮಗು ತೂರಿಹೋಗದಂತೆ ತಡೆಯಲು ರೇಲಿಂಗಿನ ತೆರಪು 100 ಮಿಲಿಮೀಟರಿನ ಒಳಗಿರಬೇಕೆಂಬುದು ಹಲವು ದೇಶಗಳ ಕಟ್ಟಡ ನಿಯಮಗಳಲ್ಲಿದೆ. ಆದರೆ ಅಷ್ಟು ದೊಡ್ಡ ಕಣ್ಣಿನಲ್ಲಿ ಪುಟ್ಟ ಪಾದ ಸಲೀಸಾಗಿ ಊರಿಕೊಳ್ಳುವುದರಿಂದ ಜಾಲರಿಯೇ ಮಗುವಿಗೆ ಏಣಿಯಾಗುತ್ತದೆ. ಮಕ್ಕಳಿರುವ ಮನೆಗೆ 25 ಮಿಲಿಮೀಟರಿನ ಆಸುಪಾಸಿನ ಕಣ್ಣೇ ಸರಿ. ಬೆಳಕು ಕುಂದೀತೆಂಬ ಅಳುಕು ಬೇಡ: ತಂತಿ 3 ಮಿಲಿಮೀಟರ್ ದಪ್ಪವಿದ್ದರೂ ಅಂಥ ಚೌಕ ಜಾಲರಿಯ ಸುಮಾರು ಶೇ. 80 ಭಾಗ ತೆರೆದೇ ಇರುತ್ತದೆ. ರೇಲಿಂಗಿನ ಎತ್ತರವನ್ನು ಟೈಲ್ಸ್ ಹಾಕಿ ಮುಗಿದ ನೆಲದಿಂದಲೇ ಅಳೆಯಬೇಕು.

ಲೋಹದ ಆಯ್ಕೆ ಊರನ್ನು ಅವಲಂಬಿಸಿದೆ. ಬೆಂಗಳೂರು, ಮೈಸೂರಿನಂಥ ಒಳನಾಡಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯವಾಗಿ ಸಾಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಮಾತ್ರ, ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಬೆರೆತ 316 ದರ್ಜೆಯನ್ನೇ ಕೇಳಿ ಪಡೆಯಬೇಕು. ಅದಕ್ಕೂ ಆಗಾಗ ಸಿಹಿನೀರಿನ ತೊಳೆತ ಅಗತ್ಯ. ಮಳೆನೀರು ತಾಗದ ಸೂರಿನಡಿಯ ಭಾಗದಲ್ಲಿ ಉಪ್ಪು ಕೂತು ಕಂದು ಕಲೆ ಬೇಗ ಮೂಡುತ್ತದೆ. ಸ್ಟೇನ್‌ಲೆಸ್ ಜಾಲರಿಗೆ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಸ್ಕ್ರೂ ಹಾಕಿದರೆ, ತೇವದಲ್ಲಿ ಎರಡು ಲೋಹಗಳು ಸೇರಿದ ಕಾರಣ ಸ್ಕ್ರೂ ಬೇಗನೆ ಸವೆದುಹೋಗುತ್ತದೆ. ಹತ್ತಿರದಲ್ಲಿ ಸಾದಾ ಕಬ್ಬಿಣವನ್ನು ಗ್ರೈಂಡ್ ಮಾಡಲೂ ಬಿಡಬಾರದು. ಅದರ ಕಿಡಿಪುಡಿ ಕೂತಲ್ಲೆಲ್ಲ ತುಕ್ಕಿನ ಚುಕ್ಕೆಗಳೇಳುತ್ತವೆ.

ಎಷ್ಟೇ ಗಟ್ಟಿ ಜಾಲರಿಯಾದರೂ ಅದರ ಬಲ ಚೌಕಟ್ಟಿನದು, ಚೌಕಟ್ಟಿನ ಬಲ ಅದನ್ನು ಗೋಡೆಗೆ, ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟಿನದು. ಜಾಲರಿಯ ನಾಲ್ಕೂ ಅಂಚುಗಳು ಫ್ರೇಮಿನೊಳಗೆ ಬಿಗಿಯಾಗಿ ಕೂರಬೇಕು, ಕತ್ತರಿಸಿದ ತಂತಿತುದಿ ಎಲ್ಲಿಯೂ ಕೈಗೆ ತಾಗಬಾರದು. ಬೋಲ್ಟ್ ಪ್ಲಾಸ್ಟರನ್ನು ದಾಟಿ ಕಾಂಕ್ರೀಟಿನಲ್ಲಿ ಕಚ್ಚಿಕೊಳ್ಳಬೇಕು. ಟೊಳ್ಳು ಬ್ಲಾಕಿನ ಗೋಡೆಯಾಗಿದ್ದರೆ ಯಾವ ಆಂಕರ್ ಹೊಂದುತ್ತದೆಂದು ಎಂಜಿನಿಯರರನ್ನು ಕೇಳಿಯೇ ಮುಂದುವರಿಯಬೇಕು. ಬಣ್ಣ ಬಳಿದ ಮೇಲೆ ಈ ತಪ್ಪುಗಳಾವುವೂ ಕಾಣುವುದಿಲ್ಲವಾದ್ದರಿಂದ ಕೆಲಸ ನಡೆಯುವಾಗಲೇ ನಿಂತು ನೋಡುವುದು ಮನೆಯವರ ಹೊಣೆ.

ಪಶ್ಚಿಮದ ಬಿಸಿಲಿಗೆ ಮರೆ ಬೇಕಿದ್ದಲ್ಲಿ ತಗಡನ್ನು ಸೀಳಿ ಹಿಗ್ಗಿಸಿದ ಎಕ್ಸ್‌ಪ್ಯಾಂಡೆಡ್ ಮೆಟಲ್ ಚೆನ್ನಾಗಿ ಒದಗುತ್ತದೆ. ಅದರ ಎಳೆಗಳು ಓರೆಯಾಗಿರುವುದರಿಂದ ಹಾಳೆಯನ್ನು ಯಾವ ದಿಕ್ಕಿಗೆ ಕೂರಿಸುತ್ತೇವೆಂಬುದರ ಮೇಲೆ ನೆರಳೂ ನೋಟವೂ ಬದಲಾಗುತ್ತವೆ. ಒಂದು ತುಂಡನ್ನು ಸಂಜೆಯ ಬಿಸಿಲಿಗೆ ಹಿಡಿದು ನೋಡಿಯೇ ಆರ್ಡರ್ ಕೊಡುವುದು ಒಳ್ಳೆಯದು.

ಕಳ್ಳರ ಭಯದಿಂದ ಬಾಲ್ಕನಿಯನ್ನು ಪೂರ್ತಿ ಮುಚ್ಚಿಸುವವರು, ಬೆಂಕಿ ಬಿದ್ದಾಗ ಅದೇ ಹೊರಬರುವ ದಾರಿಯಾಗಬಹುದೆಂಬುದನ್ನು ದಯವಿಟ್ಟು ಮರೆಯಬಾರದು. ದೊಡ್ಡವರೊಬ್ಬರು ನುಸುಳುವಷ್ಟು ಅಗಲದ, ಮಕ್ಕಳ ಕೈಗೆಟುಕದ ಎತ್ತರದಲ್ಲಿ ಚಿಲಕವಿರುವ, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಬಾಗಿಲೊಂದನ್ನು ಅದರಲ್ಲಿ ಮಾಡಿಸಿ, ಅದು ಸರಾಗವಾಗಿ ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಬೇಕು.