ನೇರ ಹೋಗುವ ಡಿಸ್ಕ್ ಹುಡುಕಿದ ಕಥೆ

ಡಿಸ್ಕ್ ಗಾಲ್ಫ್ ಅಂದರೆ ತಟ್ಟೆಯಂಥ ಡಿಸ್ಕನ್ನು ಎಸೆದೆಸೆದು, ಆದಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿಗೆ ಮುಟ್ಟಿಸುವ ಆಟ. ಅದನ್ನು ಶುರು ಮಾಡಿದಾಗ ನಾನು ಮೊದಲು ಕೊಂಡಿದ್ದು ಸ್ಪೀಡ್ 12ರ ಡ್ರೈವರ್, ಅಂದರೆ ದೂರದ ಎಸೆತದ ಡಿಸ್ಕ್. ದೂರ ಹೋಗುತ್ತೆ ಅಂದುಕೊಂಡಿದ್ದೆ. ಹೋಗಿದ್ದು ಎಡಕ್ಕೆ. ಪ್ರತಿ ಸಲವೂ ಎಡಕ್ಕೆ, ಪೊದೆಯೊಳಕ್ಕೆ.

ನನ್ನದು ಬಲಗೈ ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಎಸೆಯುವುದು. ಈ ಎಸೆತದಲ್ಲಿ ವೇಗ ಇಳಿಯುತ್ತಿದ್ದಂತೆ ಡಿಸ್ಕ್ ಎಡಕ್ಕೆ ವಾಲುತ್ತದೆ. ಅದೇ ಫೇಡ್. ಎಡಗೈಯವರಿಗೆ ಎಲ್ಲ ಉಲ್ಟಾ.

ಡಿಸ್ಕ್‌ಗೆ ನಾಲ್ಕು ಅಂಕಿ ಕೊಟ್ಟಿರುತ್ತಾರೆ: ಸ್ಪೀಡ್ (ಡಿಸ್ಕ್ ಕೇಳುವ ವೇಗ), ಗ್ಲೈಡ್ (ಗಾಳಿಯಲ್ಲಿ ತೇಲುವ ಗುಣ), ಟರ್ನ್ (ಶುರುವಿನಲ್ಲಿ ಬಲಕ್ಕೆ ತಿರುಗುವುದು, ಮೈನಸ್ ಹೆಚ್ಚಿದಷ್ಟೂ ಜಾಸ್ತಿ), ಫೇಡ್. ಫೇಡ್ ಕಡಿಮೆ ಇದ್ದರೆ ಸಾಕು ಅಂತ ನಾನು ಕೊನೆಯ ಅಂಕಿಯನ್ನಷ್ಟೇ ನೋಡುತ್ತಿದ್ದೆ. ನೋಡಬೇಕಿದ್ದದ್ದು ಮೊದಲನೆಯದನ್ನು. ಡಿಸ್ಕ್ ಕೇಳುವಷ್ಟು ವೇಗವನ್ನು ನಮ್ಮ ಕೈ ಕೊಟ್ಟರೆ ಮಾತ್ರ ಆ ಅಂಕಿಗಳಿಗೆ ಅರ್ಥ. ಕೊಡದಿದ್ದರೆ ಬಲಕ್ಕೆ ತಿರುಗಬೇಕಾದ ಟರ್ನ್ ಬರುವುದೇ ಇಲ್ಲ. ಹೊರಟ ಸ್ವಲ್ಪ ಹೊತ್ತಿಗೇ ಫೇಡ್ ಶುರು.

ಹಾಗಾಗಿ ಡ್ರೈವರ್ ಬದಿಗಿಟ್ಟೆ. ದೂರದ ಒಂದು ಮರವನ್ನು ಗುರಿ ಮಾಡಿಕೊಂಡು ನಾಲ್ಕು ಡಿಸ್ಕ್‌ಗಳನ್ನು ಹತ್ತತ್ತು ಸಲ ಎಸೆದೆ. ಹತ್ತಿರದ ಎಸೆತದ ಪಟರ್ ಆಗಿ ಇನ್ನೋವಾ ಕಂಪನಿಯ ಏವಿಯರ್. ಮಧ್ಯಮ ದೂರದ ಮಿಡ್‌ರೇಂಜ್‌ನಲ್ಲಿ ಡಿಸ್ಕ್ರಾಫ್ಟ್ ಕಂಪನಿಯ ಬಜ್ (5, 4, -1, 1) ಮತ್ತು ಇನ್ನೋವಾ ಮಾಕೊ3 (5, 5, 0, 0). ಕಡಿಮೆ ವೇಗ ಕೇಳುವ ಫೇರ್‌ವೇ ಡ್ರೈವರ್ ಆಗಿ ಇನ್ನೋವಾ ಲೆಪರ್ಡ್ (6, 5, -2, 1).

ಮಾಕೊ3 ಟರ್ನ್ ಸೊನ್ನೆ, ಫೇಡ್ ಸೊನ್ನೆ. ಇದೇ ಬೇಕಾಗಿದ್ದು ಅಂತ ಖುಷಿಯಾದೆ. ಆದರೆ ಅದು ಕೈಯ ತಪ್ಪನ್ನೆಲ್ಲ ಹೇಳಿಬಿಡುವ ಚಾಡಿಕೋರ ಡಿಸ್ಕ್. ಕೈ ಕೊಂಚ ಬಲಕ್ಕೆ ವಾಲಿದರೆ ಕೊನೆಯವರೆಗೂ ಬಲಕ್ಕೇ ಹೋಗುತ್ತದೆ, ವಾಪಸ್ ತರಲು ಫೇಡ್ ಇಲ್ಲವಲ್ಲ. ಬಜ್ ಅಷ್ಟು ಕಟ್ಟುನಿಟ್ಟಲ್ಲ. ಸ್ವಲ್ಪ ಬಲಕ್ಕೆ ಸರಿದು ಅಷ್ಟೇ ಎಡಕ್ಕೆ ಬಂದು ಮರದ ಹತ್ತಿರ ಬೀಳುತ್ತಿತ್ತು. ನನ್ನ ಕೈಯಲ್ಲಿ 'ನೇರ' ಅಂದರೆ ಇದೇ ಅಂತ ಆವಾಗ ಹೊಳೆಯಿತು. ಲೆಪರ್ಡ್ ಮಾತ್ರ ಚಪ್ಪಟೆಯಾಗಿ ಬಿಟ್ಟರೆ ಬಲಕ್ಕೆ ಮಗುಚುತ್ತಿತ್ತು. ಹೊರಗಿನ ಅಂಚನ್ನು ಸ್ವಲ್ಪ ಕೆಳಗಿಟ್ಟು, ಅಂದರೆ ಹೈಜರ್ ಕೊಟ್ಟು ಎಸೆದೆ. ಗಾಳಿಯಲ್ಲೇ ಎದ್ದು ಸಮವಾಗಿ ಉದ್ದಕ್ಕೂ ತೇಲಿತು. ಆ ಹಾರಾಟ ನೋಡೋಕೆ ಎಷ್ಟು ಚೆಂದ ಅಂತೀರಿ!

ಆದರೂ ಕೆಲವು ಎಸೆತ ಎಡಕ್ಕೇ ಬಿದ್ದವು, ಏವಿಯರ್ ಕೂಡ. ಫೋನಿನಲ್ಲಿ ವಿಡಿಯೋ ತೆಗೆದು ನೋಡಿದರೆ ತಪ್ಪು ನನ್ನದೇ. ಡಿಸ್ಕ್‌ನ ಮುಂದಿನ ಅಂಚು ಮೇಲಕ್ಕೆ ಎದ್ದಿತ್ತು. ಹಾಗಾದರೆ ಅದು ಮೇಲೇರಿ, ವೇಗ ಕಳೆದುಕೊಂಡು, ಎಡಕ್ಕೆ ಜಾರಿ ಬೀಳುತ್ತದೆ. ಮಣಿಕಟ್ಟನ್ನು ಕೊಂಚ ಕೆಳಕ್ಕೆ ಬಾಗಿಸಿ, ಜಗ್‌ನಿಂದ ನೀರು ಬಗ್ಗಿಸುವ ಹಾಗೆ ಹಿಡಿದೆ. ಅರ್ಧ ಫೇಡ್ ಅಲ್ಲೇ ಹೋಯಿತು. ಹೊಸ ಡಿಸ್ಕ್ ಕೊಳ್ಳುವ ಮೊದಲು ಇದನ್ನೊಂದು ನೋಡಿಕೊಳ್ಳಿ, ದುಡ್ಡು ಉಳಿಯುತ್ತೆ.

ಪ್ಲಾಸ್ಟಿಕ್ ಕೂಡ ಲೆಕ್ಕಕ್ಕೆ ಬರುತ್ತದೆ. ಇನ್ನೋವಾದ ಚಾಂಪಿಯನ್‌ನಂಥ ಗಟ್ಟಿ ಪ್ಲಾಸ್ಟಿಕ್ ವರ್ಷಗಟ್ಟಲೆ ಒಂದೇ ಥರ ಹಾರುತ್ತದೆ. ಅದೇ ಕಂಪನಿಯ ಅಗ್ಗದ ಡಿಎಕ್ಸ್ ಪ್ಲಾಸ್ಟಿಕ್ ಮರಕ್ಕೆ ಬಡಿದು ಬಡಿದು ಸವೆಯುತ್ತದೆ. ಟರ್ನ್ ಹೆಚ್ಚಾಗಿ ಫೇಡ್ ಕಡಿಮೆಯಾಗುತ್ತದೆ. ನನಗೆ ಅದೇ ಬೇಕು. ಅಂಚೆಲ್ಲ ತರಚಿದ ನನ್ನ ಡಿಎಕ್ಸ್ ಏವಿಯರ್ ಈಗ ಹೊಸದಕ್ಕಿಂತ ನೇರ. ಎದುರು ಗಾಳಿ ಇದ್ದರೆ ಮಾತ್ರ ಅದನ್ನು ಮುಟ್ಟುವುದಿಲ್ಲ, ಆ ಗಾಳಿಗೆ ಡಿಸ್ಕ್ ಇನ್ನೂ ಜಾಸ್ತಿ ಬಲಕ್ಕೆ ಮಗುಚುತ್ತದೆ.

ಆ 12ರ ಡ್ರೈವರ್ ಚೀಲದ ತಳದಲ್ಲೇ ಇದೆ. ದಾರಿ ಎಡಕ್ಕೆ ತಿರುಗುವ ಕಡೆ ಸುಮ್ನೆ ಅದನ್ನು ತೆಗೆದು ಎಸೆಯುತ್ತೇನೆ. ಅಲ್ಲಿ ಏನೂ ಹೇಳಿಕೊಡಬೇಕಾಗಿಲ್ಲ.