ಎರಡು ಖಾಲಿ ಜಾಗಗಳಲ್ಲಿ ಅಡ್ಜೆಕ್ಟಿವ್: ನನ್ನ ಅನುಭವ

ಇಂಗ್ಲಿಷಿನ ಪಾರ್ಟ್ಸ್ ಆಫ್ ಸ್ಪೀಚ್ (ಪದಗಳ ವರ್ಗಗಳು) ಪಾಠವನ್ನು ವ್ಯಾಖ್ಯೆಗಳ ಬಾಯಿಪಾಠವಿಲ್ಲದೆ ಮುಗಿಸುತ್ತೇನೆ ಎಂದಾಗ ಮೂಡಿಗೆರೆಯ ನನ್ನ ಸಹಶಿಕ್ಷಕರು ಒಪ್ಪಲಿಲ್ಲ. 'ಪರೀಕ್ಷೆಯಲ್ಲಿ ಮಕ್ಕಳು ಏನು ಬರೆಯುತ್ತಾರೆ ಮೇಡಂ?' ಎಂದು ಕೇಳಿದರು. ಈಗ ಅವರೇ ತಮ್ಮ ಮಕ್ಕಳನ್ನು ನನ್ನ ಸಂಜೆಯ ಪಾಠಕ್ಕೆ ಕಳುಹಿಸುತ್ತಾರೆ.

ಅದಕ್ಕೂ ಮುಂಚೆ ಹಣ ಸಾಕಷ್ಟು ಹೋಗಿತ್ತು. ಬಣ್ಣದ ಚಾರ್ಟುಗಳಿಗೆ ಎರಡು ಸಾವಿರದ ಆಸುಪಾಸು, ಲ್ಯಾಮಿನೇಷನ್ ಮಾಡಿಸಿದ ಕಾರ್ಡುಗಳಿಗೆ ಮತ್ತೊಂದು ಸಾವಿರ. 'ಫಾಸ್ಟ್' ಎಂಬ ಕಾರ್ಡಿನ ಹಿಂದೆ 'ಅಡ್ಜೆಕ್ಟಿವ್' (ಗುಣವಾಚಕ) ಎಂದಿದ್ದರೆ ಮಕ್ಕಳು 'ಹಿ ರನ್ಸ್ ಫಾಸ್ಟ್' ವಾಕ್ಯದಲ್ಲೂ ಅದನ್ನೇ ಬರೆಯುತ್ತಿದ್ದರು. ಅಲ್ಲಿ 'ಕ್ವಿಕ್ಲಿ' ಹಾಕಿದರೂ ವಾಕ್ಯ ಸರಿಯಾಗಿಯೇ ಇರುತ್ತದೆ, ಹಾಗಾಗಿ ಅದು ಅಡ್ವರ್ಬ್ (ಕ್ರಿಯಾವಿಶೇಷಣ). ವಾಕ್ಯದಿಂದ ಕಿತ್ತ ಪದಕ್ಕೆ ಕಾರ್ಡು ಏನು ತಾನೇ ಹೇಳೀತು?

ಕಾರ್ಡುಗಳನ್ನು ಕಟ್ಟಿಟ್ಟು ಹಲಗೆಯ ಮೇಲೆ ಎರಡು ಸಾಲು ಬರೆದೆ: 'ದ ___ ಬಸ್', 'ದ ಬಸ್ ಈಸ್ ವೆರಿ ___'. ಎರಡೂ ಖಾಲಿ ಜಾಗಗಳಲ್ಲಿ ಕೂರುವ ಪದ ಅಡ್ಜೆಕ್ಟಿವ್. 'ಸ್ಲೋ' ಎರಡರಲ್ಲೂ ಕೂರುತ್ತದೆ, 'ಸ್ಲೋಲಿ' ಯಾವುದರಲ್ಲೂ ಕೂರುವುದಿಲ್ಲ. ಕನ್ನಡದ 'ದೊಡ್ಡ ಬಸ್' ಎಂಬುದು 'ಬಸ್ ದೊಡ್ಡದು' ಎಂದು ರೂಪ ಬದಲಿಸುತ್ತದೆ. ಇಂಗ್ಲಿಷಿನ 'ಬಿಗ್' ಎರಡೂ ಕಡೆ ಹಾಗೆಯೇ ಉಳಿಯುತ್ತದೆ. ಇಷ್ಟು ತೋರಿಸಿದ ಮೇಲೆ ಹಿಂದಿನ ಬೆಂಚಿನವರೂ ಕೈ ಎತ್ತತೊಡಗಿದರು.

ನಿಜವಾದ ಪರೀಕ್ಷೆ ನಮ್ಮ ಸೀಮೆಯ 'ಕಾಫಿ ಎಸ್ಟೇಟ್'. ಎಸ್ಟೇಟನ್ನು ವಿವರಿಸುತ್ತದೆ, ಆದ್ದರಿಂದ 'ಕಾಫಿ' ಅಡ್ಜೆಕ್ಟಿವ್ ಎಂದು ವ್ಯಾಖ್ಯೆ ಕಲಿತವರು ಹಟ ಹಿಡಿದರು. 'ದ ಎಸ್ಟೇಟ್ ಈಸ್ ವೆರಿ ಕಾಫಿ' ಎಂದು ಜೋರಾಗಿ ಓದಿಸಿದೆ. ತರಗತಿಯೇ ನಕ್ಕಿತು, ವಾದ ಅಲ್ಲಿಗೆ ಮುಗಿಯಿತು. 'ಕಾಫಿ' ಇಲ್ಲಿ ಇನ್ನೊಂದು ನೌನಿನ ಮುಂದೆ ನಿಂತ ನೌನ್ (ನಾಮಪದ).

ತಕರಾರಿನ ಪದಗಳೂ ಇವೆ. 'ಮೇನ್' ಮೊದಲ ಜಾಗಕ್ಕೆ ಮಾತ್ರ ಒಗ್ಗುತ್ತದೆ, 'ಅಫ್ರೇಡ್' ಎರಡನೆಯದಕ್ಕೆ ಮಾತ್ರ. ಇಂಥವನ್ನು ಗೊಂದಲವಿಲ್ಲದೆ ದಾಟಿಸಲು ನನ್ನದೊಂದು ಆಟವಿದೆ. ಅದು ನನ್ನ ತರಗತಿಯಲ್ಲೇ ಇರಲಿ.

ನಡುವೆ ಅಡ್ಜೆಕ್ಟಿವ್‌ಗಳ ಸಾಲುಕ್ರಮವನ್ನೂ ಪ್ರಯೋಗಿಸಿದೆ. ಗಾತ್ರ, ವಯಸ್ಸು, ಬಣ್ಣ ಎಂಬ ನಿಯಮ ಹೇಳದೆ 'ಸ್ಮಾಲ್ ಓಲ್ಡ್ ರೆಡ್ ಜೀಪ್' ಥರದ್ದನ್ನು ದಿನವೂ ಓದಿಸಿದೆ. ಅರ್ಧದಷ್ಟು ಮಕ್ಕಳಿಗೆ ಕಿವಿ ಪಳಗಿತು, ಉಳಿದವರಿಗೆ ನಿಯಮವೇ ಬೇಕಾಯಿತು.

ಹಿಂದೆ ಹತ್ತಕ್ಕೆ ನಾಲ್ಕೈದು ಸರಿ ಮಾಡುತ್ತಿದ್ದವರು ಈಗ ಎಂಟರ ಹತ್ತಿರ ಇದ್ದಾರೆ, ಅದೂ ಬರೀ ಸೀಮೆಸುಣ್ಣದ ಖರ್ಚಿನಲ್ಲಿ. ಸದ್ಯ ಅಡ್ವರ್ಬಿಗೆ ಕೈ ಹಾಕಿದ್ದೇನೆ. ಅದು ವಾಕ್ಯದ ಮೊದಲಲ್ಲೂ ನಡುವೆಯೂ ಕೊನೆಯಲ್ಲೂ ಬರುವುದರಿಂದ ಎರಡು ಸಾಲು ಸಾಲುತ್ತಿಲ್ಲ.