ಜಾಹೀರಾತಿನಲ್ಲಿ ಎದುರಾಳಿ ಹೆಸರು ಬಂತಾ? ಹೀಗೆ ನೋಡಿ

ಟಿವಿ ಜಾಹೀರಾತಿನ ಒಂದೊಂದು ಸೆಕೆಂಡಿಗೂ ದುಡ್ಡು ಸುರಿಯಬೇಕು. ಅಂಥದ್ದರಲ್ಲಿ ಒಂದು ಕಂಪನಿ ಇನ್ನೊಂದರ ಹೆಸರು ಎತ್ತಿದೆ ಎಂದರೆ ಸುಮ್ನೆ ಎತ್ತಿರುವುದಿಲ್ಲ. ಒಳಗೆ ಏನೋ ಲೆಕ್ಕ ಇರುತ್ತದೆ. ಅದನ್ನು ಹಿಡಿಯುವ ದಾರಿ ಇಲ್ಲಿದೆ.

ಹೆಸರು ಬಂದದ್ದು ಗೆಳೆಯರದ್ದೋ, ಎದುರಾಳಿಯದ್ದೋ? ಮೊದಲು ಇದನ್ನು ನೋಡಿ. 1991ರಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಒಂದು ಯೋಜನೆ ತಂತು. ಕಂಪ್ಯೂಟರ್ ತಯಾರಕರು ತಮ್ಮ ಜಾಹೀರಾತಿನಲ್ಲಿ ‘ಇಂಟೆಲ್ ಇನ್‌ಸೈಡ್’ ಗುರುತು ಹಾಕಿದರೆ, ಖರ್ಚಿನಲ್ಲಿ ಒಂದು ಪಾಲನ್ನು ಇಂಟೆಲ್ ಕೊಡುತ್ತಿತ್ತು. ಹಾಗಾಗಿ ಒಬ್ಬರು ಇನ್ನೊಬ್ಬರನ್ನು ಮೆಚ್ಚಿ ಮಾತಾಡಿದರೆ, ದುಡ್ಡು ಯಾರ ಜೇಬಿನದ್ದು ಅಂತ ಕೇಳಿಕೊಳ್ಳಿ.

ಎದುರಾಳಿಯಾದರೆ, ಇಬ್ಬರಲ್ಲಿ ದೊಡ್ಡವರು ಯಾರು? ಹೆಸರು ಹಿಡಿದು ಕರೆಯುವುದು ಹೆಚ್ಚಾಗಿ ಚಿಕ್ಕವರೇ. ದೊಡ್ಡವರ ಪಕ್ಕ ನಿಂತರೆ ತಾವೂ ಅದೇ ಸಾಲಿನವರು ಅನ್ನಿಸುತ್ತದೆ, ಅಲ್ವಾ? ದೊಡ್ಡವರು ಚಿಕ್ಕವರ ಹೆಸರು ಹೇಳಿದರೆ ಬಿಟ್ಟಿ ಪ್ರಚಾರ ಕೊಟ್ಟಂತೆ.

ಇನ್ನು ಮುಖ್ಯ ಭಾಗ: ಹೋಲಿಸಿದ್ದು ಏನನ್ನು? ಇಲ್ಲಿ ಸ್ವಲ್ಪ ನಿಧಾನಿಸಿ. 1975ರಲ್ಲಿ ಶುರುವಾದ ಪೆಪ್ಸಿ ಚಾಲೆಂಜ್‌ನಲ್ಲಿ ಹೆಸರಿಲ್ಲದ ಎರಡು ಲೋಟಗಳಲ್ಲಿ ಪೆಪ್ಸಿ, ಕೋಕ್ ಕೊಟ್ಟು, ಯಾವುದು ಇಷ್ಟ ಅಂತ ಕೇಳುತ್ತಿದ್ದರು. ಪೆಪ್ಸಿ ಆರಿಸಿದವರ ಮುಖ ಟಿವಿಯಲ್ಲಿ ಬರುತ್ತಿತ್ತು. ಪರೀಕ್ಷೆ ಸುಳ್ಳಲ್ಲ. ಆದರೆ ಪೆಪ್ಸಿ ತುಸು ಹೆಚ್ಚು ಸಿಹಿ, ಒಂದು ಗುಟುಕಿಗೆ ಸಿಹಿ ಜಾಸ್ತಿ ಇರುವುದೇ ರುಚಿ ಅನ್ನಿಸಬಹುದು. ಇಡೀ ಬಾಟಲಿ ಕುಡಿಯುವಾಗ ಅದೇ ಸಿಹಿ ಬೇಡವೆನಿಸಬಹುದು. ಗುಟುಕಿನಲ್ಲಿ ಗೆದ್ದದ್ದನ್ನು ಬಾಟಲಿಯಲ್ಲೂ ಗೆದ್ದಂತೆ ನಾವೇ ಊಹಿಸಿಕೊಳ್ಳುತ್ತೇವೆ. ಹಾಗಾಗಿ ಕೆಳಗೆ ಓಡುವ ಇರುವೆ ಸಾಲಿನಂಥ ಅಕ್ಷರಗಳನ್ನು ಬೇಕಾದರೆ ಟಿವಿ ನಿಲ್ಲಿಸಿಯೇ ಓದಿ. ಯಾವ ಮಾದರಿ, ಯಾವ ಪರೀಕ್ಷೆ, ಯಾವಾಗ ಅನ್ನುವುದೆಲ್ಲ ಅಲ್ಲೇ ಅಡಗಿರುತ್ತದೆ.

‘ಇದಕ್ಕಿಂತ ಚೆನ್ನಾಗಿ ತೊಳೆಯುವುದು ಬೇರೆ ಇಲ್ಲ’ ಅನ್ನುವ ಸಾಲು ಬಂದರೂ ಹುಷಾರು. ಎಲ್ಲವೂ ಒಂದೇ ಥರ ತೊಳೆದರೂ ಆ ಮಾತು ನಿಜವೇ!

ಹೆಸರು ಹೇಳುವುದೇ ತಪ್ಪು ಅಂದುಕೊಳ್ಳಬೇಡಿ. ಹೋಲಿಕೆ ಸತ್ಯವಾಗಿದ್ದು, ಜನರ ದಾರಿ ತಪ್ಪಿಸದಿದ್ದರೆ ಸರಿ ಎಂದು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲೇ ಹೇಳಿತ್ತು. ಗ್ರಾಹಕರಿಗೆ ಅದರಿಂದ ಲಾಭವೂ ಉಂಟು. ಮಸುಕು ಮಾಡಿದ ಪೊಟ್ಟಣ ತೋರಿಸಿ ‘ಸಾಮಾನ್ಯ ಪುಡಿ’ ಅನ್ನುವುದಕ್ಕಿಂತ ನೇರವಾಗಿ ಹೆಸರು ಹೇಳುವುದೇ ವಾಸಿ, ಕನಿಷ್ಠ ಪರೀಕ್ಷಿಸಿ ನೋಡಬಹುದು. ಗೆರೆ ದಾಟಿದರೆ ಮಾತ್ರ ಕೋರ್ಟು. 2010ರಲ್ಲಿ ಭಾರತದಲ್ಲಿ ರಿನ್ ಜಾಹೀರಾತು ಟೈಡ್ ನ್ಯಾಚುರಲ್ಸ್ ಪೊಟ್ಟಣವನ್ನೇ ತೋರಿಸಿತು. ಶಾಲೆ ಬಸ್ಸಿಗೆ ಕಾಯುವ ಇಬ್ಬರು ಅಮ್ಮಂದಿರು, ಒಬ್ಬರ ಮಗನ ಅಂಗಿ ಹೊಳಪು, ಇನ್ನೊಬ್ಬರದ್ದು ಮಂಕು. ಕಲ್ಕತ್ತಾ ಹೈಕೋರ್ಟ್ ಅದನ್ನು ತಡೆಯಿತು.

ನಿಮಗೇ ಸುಳ್ಳು ಅನ್ನಿಸಿದರೆ ಚಾನೆಲ್, ದಿನ, ಹೊತ್ತು ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ವಿಡಿಯೊ ಮಾಡಿ. ಜಾಹೀರಾತುಗಳ ಮೇಲೆ ಕಣ್ಣಿಡುವ ಸಂಸ್ಥೆಗಳಾದ ಭಾರತದ ಎಎಸ್‌ಸಿಐ, ಬ್ರಿಟನ್‌ನ ಎಎಸ್‌ಎ ಸಾಮಾನ್ಯ ಜನರ ದೂರನ್ನೂ ತೆಗೆದುಕೊಳ್ಳುತ್ತವೆ. ದೂರಿನಲ್ಲಿ ಇಡೀ ಜಾಹೀರಾತನ್ನು ಬಯ್ಯಬೇಡಿ, ತಪ್ಪು ಅನ್ನಿಸಿದ ಒಂದು ಸಾಲನ್ನು ಹಾಗೇ ಬರೆಯಿರಿ.